ಪ್ರವಾಸಿಗರಿಲ್ಲದೆ ಸೊರಗಿದ ಶ್ರೀನಗರ

ಪ್ರವಾಸಿಗರು ಕಾಶ್ಮೀರ ಕಣಿವೆ ತೊರೆಯಬೇಕೆಂಬ ಸೂಚನೆ 2019ರ ಆಗಸ್ಟ್ 2ರಂದು ಹೊರಬಿತ್ತು. ಮೂರೇ ದಿನಗಳಲ್ಲಿ ಜಮ್ಮು-ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾಯಿತು. ಶ್ರೀನಗರದ ದಾಲ್ ಸರೋವರದ ದೋಣಿಮನೆಗಳು ಬರಿದಾದವು; ಶಿಕಾರಾ ನಡೆಸುವವರ, ಶಾಲು ಮಾರುವವರ ದುಡಿಮೆ ನಿಂತಿತು.

ಅಕ್ಟೋಬರ್ 10ರಂದು ಸೂಚನೆಯನ್ನು ಹಿಂಪಡೆಯಲಾಯಿತಾದರೂ ಅಂತರ್ಜಾಲ ಮರಳಿರಲಿಲ್ಲ. ಅದಿಲ್ಲದೆ ಕೊಠಡಿ ಕಾಯ್ದಿರಿಸುವುದು ಹೇಗೆ? ಹೊರರಾಜ್ಯದ ಗ್ರಾಹಕರಿಂದ ಬೇಡಿಕೆ ಪಡೆಯುವುದು ಹೇಗೆ? ನಾಲ್ಕು ತಿಂಗಳಲ್ಲಿ ಕಣಿವೆಗೆ 17,878 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಕಾಶ್ಮೀರ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ಅಂದಾಜಿಸಿತು. ನಗರಕ್ಕೆ 4ಜಿ ಸೇವೆ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಕೊರೊನಾ ಹೊಡೆತವೂ ಬಿದ್ದಿತ್ತು.

ಮುಂದೆ ಚೇತರಿಸಿಕೊಂಡ ವಹಿವಾಟು 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯಿಂದ ಮತ್ತೆ ಕುಸಿಯಿತು. ಒಂದು ಆದೇಶ ಪ್ರವಾಸಿಗರನ್ನು ಒಂದೇ ದಿನದಲ್ಲಿ ಹೊರಕಳುಹಿಸಬಲ್ಲದು. ಅವರನ್ನು ಮರಳಿ ಕರೆತರುವುದು ನಂಬಿಕೆ ಮಾತ್ರ.