ಹಾಲಿಗೆ ಮುಹೂರ್ತ ನೋಡ್ರಿ, ಗಾಡಿಗೆ ಮಳಿ ನೋಡ್ರಿ

ಮೊನ್ನೆ ಸಂಜಿಕ್ಕ ನಮ್ಮ ಓಣಿ ವೈನಿ ಒಬ್ಬರು ಗೇಟಿನಾಗ ನಿಂತು, "ನಾವು ಹುಬ್ಬಳ್ಳಿಗೆ ಹೊಂಟೇವ್ರಿ, ಆಷಾಢ ಹತ್ತೂದ್ರಾಗ ಮನಿ ಬದಲಿ ಮಾಡಿಬಿಡಬೇಕು ಅಂತ ನಡದದ" ಅಂದ್ರು. ಗಾಡಿ ಯಾವ್ದು ಅಂತ ಕೇಳ್ದೆ. "ಅದೆಲ್ಲಾ ಇವ್ರೇ ನೋಡ್ಯಾರ, ಯಾವ್ದೋ ಸಸ್ತಾದೊಳಗ ಸಿಕ್ಕದಂತ" ಅಂದ್ರು. ಮೂವತ್ತು ವರ್ಷದ ಸಂಸಾರ ಅವರ ಕೈಲೆ ಕಟ್ಟೂದು, ಅದನ್ನ ಹೊತಗೊಂಡು ಹೋಗೋ ಗಾಡಿ ಯಾವ್ದು ಅಂತ ಅವರಿಗೇ ಗೊತ್ತಿಲ್ಲ. ನನಗ ಸಿಟ್ಟು ಬಂತು. ವೈನಿ ಮ್ಯಾಲೆ ಅಲ್ಲ, ಹದಿನೈದು ವರ್ಷದ ಹಿಂದ ಹಂಗ ಸುಮ್ನ ಇದ್ದ ನನ್ನ ಮ್ಯಾಲೆ. ಗೇಟಿನಾಗ ನಿಂತು ಎಲ್ಲಾ ಹೇಳ್ಲಿಕ್ಕೆ ಆಗ್ಲಿಲ್ಲ, ಅದಕ್ಕ ಇಲ್ಲೆ ಬರಿಲಿಕ್ಕೆ ಕೂತೇನಿ.

ನನ್ನ ಮಾತು ಇಷ್ಟ. ಹಾಲು ಉಕ್ಕಸೋ ದಿನಾ ಬ್ಯಾರೆ, ಸಾಮಾನು ಹೋಗೋ ದಿನಾ ಬ್ಯಾರೆ ಇಟ್ಟಕೋರಿ. ಹಾಲಿಗೆ ಪಂಚಾಂಗ ನೋಡ್ರಿ, ಬ್ಯಾಡ ಅನ್ನೂದಿಲ್ಲ. ಸಾಮಾನು ಹೋಗೋ ದಿನಾ ಮತ್ತ ಗಾಡಿ, ಇವೆರಡನ್ನ ಗಂಟು ಕಟ್ಟೋ ಹೆಂಗಸು ಗೊತ್ತು ಮಾಡಬೇಕು. ಬಾಡಿಗಿ ಚೌಕಾಶಿ ಮಾಡೋರು ಆಮ್ಯಾಲೆ ಮಾಡ್ಲಿ.

ನಾ ಮೂರು ಕಾಲದಾಗ ಮೂರು ಸರ್ತೆ ಮನಿ ಕಟ್ಟೇನಿ. ಇವರದು ಬದಲಿ ಆಗೋ ನೌಕರಿ.

ಮೊದಲನೇದು ಮಳಿಗಾಲ. ಕಾರವಾರದಿಂದ ಧಾರವಾಡಕ್ಕ, ಜೂನ್ ಕಡೀ ವಾರ. ಎರಡು ದಿನಕ್ಕ ಆಷಾಢ ಹತ್ತೋದಿತ್ತು. "ಆಷಾಢದಾಗ ಹೊಸಾ ಮನಿಗೆ ಕಾಲಿಡಬಾರದು, ನಾಳೇನ ಹೊಂಡ್ರಿ" ಅಂತ ಧಾರವಾಡದಿಂದ ಮಾವನವರ ಫೋನು. ಕರಾವಳ್ಯಾಗ ಜೂನ್ ಕಡೀಕ ಮಳಿ ಹೆಂಗಿರ್ತದ ಅಂತ ಅಲ್ಲಿ ಇದ್ದವರಿಗೇ ಗೊತ್ತು, ಬಾಗಲಾ ತಗದ್ರ ಎದುರಿನ ಮನಿ ಕಾಣೂದಿಲ್ಲ. ಬಂದ್ ಬಾಡಿ ಗಾಡಿಗೆ ಎರಡು ಸಾವಿರ ಜಾಸ್ತಿ ಹೇಳಿದ್ರಂತ, ಅದಕ್ಕ ನಮ್ಮ ಮನ್ಯಾವ್ರು ತೆರದ ಪಿಕಪ್ ಗೊತ್ತು ಮಾಡಿದ್ರು. "ತಾಡಪತ್ರಿ ಹಾಕ್ತಾರ ಬಿಡ" ಅಂದ್ರು. ಫ್ರಿಜ್ಜಿಗೆ ಗೀರು ಬೀಳಬಾರದಂತ ಹಮಾಲರು ಕೈಗೆ ಸಿಕ್ಕ ಒಂದು ಕೌದಿ ಸುತ್ತಿದ್ರು. ಅದು ನಮ್ಮವ್ವ ಹೊಲದ ಕೌದಿ. ನಾ ಓಡಿ ಬಂದು "ಅದು ಬ್ಯಾಡ್ರಿ" ಅನ್ನೂದ್ರಾಗ ಹಗ್ಗ ಬಿಗದಾಗಿತ್ತು. "ಹಳೇ ಅರಿವಿ ಅಲ್ಲೇನ, ಇರ್ಲಿ ಬಿಡ, ಹೊತ್ತಾಗ್ತದ" ಅಂದ್ರು ಇವ್ರು. ನಾ ಇರ್ಲಿ ಬಿಟ್ಟೆ.

ಅರಬೈಲ್ ಘಟ್ಟದಾಗ ಲಾರಿ ಸಾಲುಗಟ್ಟಿ ನಿಂತಿದ್ವು. ಗಾಳಿಗೆ ಮುಂದಿನ ಬದಿ ತಾಡಪತ್ರಿ ಎದ್ದು ಪಟಪಟ ಬಡಿಲಿಕ್ಕೆ ಹತ್ತಿತ್ತಂತ. ಗಾಡಿ ಮುಟ್ಟಿದ್ದು ಮರುದಿನಾ. ಗಾದಿ ನೀರು ಕುಡದು ಇಬ್ಬರಿಗೆ ಏಳಲಿಲ್ಲ. ಸಂಡಗಿ ಡಬ್ಬಿ ಗಂಜಿ ಆಗಿತ್ತು. ಕೌದ್ಯಾಗ ಅವ್ವನ ಇಳಕಲ್ ಸೀರಿ ತುಂಡು ಇತ್ತು, ಅಜ್ಜಿ ಪತ್ತಲದ್ದಿತ್ತು, ನನ್ನ ಸಾಲಿ ಪರಕಾರದ್ದು, ತಮ್ಮನ ಅಂಗಿದು. ಇಳಕಲ್ ಕೆಂಪು ಎಲ್ಲಾದರ ಮ್ಯಾಲೂ ಬಿಟ್ಟಿತ್ತು. ಧಾರವಾಡದ ಜಿಟಿಜಿಟಿ ಮಳ್ಯಾಗ ಹದಿನೈದು ದಿನಾ ಹಾಕಿದ್ರೂ ಒಣಗಲಿಲ್ಲ, ಬೂಸಲು ಹಿಡದು ಜಗ್ಗಿದಲ್ಲೆ ಹರಿಲಿಕ್ಕೆ ಹತ್ತಿತು. ಅವ್ವ ತೀರಿಕೊಂಡು ಆಗ ಒಂದು ವರ್ಷ ಆಗಿತ್ತು. ಇನ್ನೊಂದು ಹೊಲ್ಕೊಡ ಅಂತ ಯಾರಿಗೆ ಹೇಳ್ಲಿ?

ಮನ್ಯಾಗ ನುಕ್ಸಾನಿ ಲೆಕ್ಕ ಹಾಕಿದ್ರು: ಗಾದಿ ಒಂದು, ಟೀಪಾಯಿ ಒಂದು. "ಎರಡು ಸಾವಿರ ಉಳೀತಲ್ಲ, ಅಷ್ಟಕ್ಕಷ್ಟ ಆತು" ಅಂದ್ರು. ಕೌದಿ ಆ ಲೆಕ್ಕದಾಗ ಬರಲೇ ಇಲ್ಲ. ಆ ಫ್ರಿಜ್ಜು ನಾಕು ವರ್ಷಕ್ಕ ಕೆಟ್ಟು ಹಳೇ ಸಾಮಾನಿನವಗ ಹೋತು. ನನ್ನ ತಕರಾರು ಇಲ್ಲೇ ಅದ. ಅಂಗಡ್ಯಾಗ ಸಿಗೂದನ್ನ ಕಾಯ್ತೇವಿ, ಸಿಗಲಾರದ್ದನ್ನ ಅದಕ್ಕ ಸುತ್ತತೇವಿ. ಯಾಕಂದ್ರ ಸಾಮಾನಿನ ಬೆಲಿ ಗೊತ್ತಿದ್ದಾಕಿನ್ನ ಯಾರೂ ಕೇಳೂದಿಲ್ಲ, ಆಕಿನೂ ಬಾಯಿ ಬಿಡೂದಿಲ್ಲ.

ಎರಡನೇದು ಧಾರವಾಡದಿಂದ ಕಲಬುರ್ಗಿಗೆ, ಮೇ ತಿಂಗಳದಾಗ. ಈ ಸರ್ತೆ ಇವ್ರು ಹಿಂದಿನದು ನೆನಪಿಟ್ಟು ಮಳಿ ಬರಲಿ ಬಿಡಲಿ ಅಂತ ಬಂದ್ ಬಾಡಿ ಗಾಡಿನ ತರಿಸಿದ್ರು. ಕಾಲ ನೋಡಲಿಲ್ಲ. ಕಲಬುರ್ಗ್ಯಾಗ ಮೇದಾಗ 40 ಡಿಗ್ರಿ ದಾಟೂದು ಹೊಸಾದಲ್ಲ. ಗಾಳಿ ಆಡ್ಲಿಕ್ಕೆ ಒಂದು ಕಿಂಡಿನೂ ಇಲ್ಲದ ತಗಡಿನ ಪೆಟಿಗಿ, ಬಿಸಲಾಗ ದಿನಾ ಪೂರ್ತಿ ಓಡಿತು. ಬಾಗಲಾ ತಗದ್ರ ಒಲಿ ಬಾಯಿ ತಗದಂಗ ಝಳ. ತುಪ್ಪ ಎಣ್ಣಿ ಆಗಿ ಭರಣಿ ಅರಿವಿ ದಾಟಿ ಇವರ ಪುಸ್ತಕಕ್ಕ ಇಳದಿತ್ತು, ಬೆಲ್ಲ ಕರಗಿ ಚೀಲ ನೆಲಕ್ಕ ಅಂಟಿತ್ತು. ಅತ್ತಿಯವರ ಔಷಧ ಅದರಾಗ ಹಾಕಿದ್ದು ನನ್ನ ತಪ್ಪು, ಎಲ್ಲಾ ಚೆಲ್ಲಿದ್ವಿ.

ಅದಕ್ಕಿಂತ ದೊಡ್ಡ ತಪ್ಪು ಬ್ಯಾರೆ. ಗಾಡಿ ಮುಟ್ಟಿದ್ದು ಮಧ್ಯಾಹ್ನ ಒಂದಕ್ಕ. ಇವತ್ತೇ ಖಾಲಿ ಆಗಬೇಕು, ಹೊತ್ತಾದ್ರ ನಿಂತ ಬಾಡಿಗಿ ಹತ್ತತದ ಅಂತ ಗಡಿಬಿಡಿ. ಕಬ್ಬಿಣದ ಕಪಾಟು ಎರಡನೇ ಮಾಳಿಗಿಗೆ ಏರಸೋ ಮುಂದ ಒಬ್ಬ ಹುಡುಗ ಮೆಟ್ಟಲದ ಮ್ಯಾಲೇ ಕೂತುಬಿಟ್ಟ, ಕಣ್ಣಿಗೆ ಕತ್ತಲಿ ಬಂದಿತ್ತು. ನಮ್ಮ ಶ್ರೀಧರಗ ಓರಗಿ ಇರಬೇಕು. ಉಪ್ಪು ಹಾಕಿ ಮಜ್ಜಿಗಿ ಕೊಟ್ವಿ, ನೆರಳಾಗ ಮಲಗಿಸಿ ತಲಿಗೆ ತಣ್ಣೀರ ಅರಿವಿ ಇಟ್ವಿ, ಒಂದು ತಾಸಿಗೆ ಎದ್ದ. ಅವನ ಎದುರಿಗೇ ಮುಂಜಾನೆ ಇನ್ನೂರು ರೂಪಾಯಿಗೆ ಚೌಕಾಶಿ ನಡದಿತ್ತು. ನಮ್ಮ ಸಾಮಾನಿನ ಲೆಕ್ಕ ಯಾರೂ ಹಾಕೂದಿಲ್ಲ ಅಂತ ಅಳೋ ನಾನೂ ಅವನ ಲೆಕ್ಕ ಹಾಕಿರಲಿಲ್ಲ.

ಬ್ಯಾಸಗ್ಯಾಗ ಸಾಮಾನು ಏರಸೂದು ಇಳಸೂದು ಮುಂಜಾನೆ ಹತ್ತರೊಳಗ, ಇಲ್ಲಾ ಸಂಜಿ ಐದರ ಮ್ಯಾಲೆ. ರಾತ್ರಿ ಓಡೋ ಗಾಡಿ ಅಥವಾ ಗಾಳಿ ಆಡೋ ಗಾಡಿ ಛಲೋ. ತುಪ್ಪ, ಬೆಲ್ಲ, ಮೇಣಬತ್ತಿ, ಔಷಧ, ಸೆಂಟಿನ ಡಬ್ಬಿ ನಿಮ್ಮ ಕೂಡ ಬರಬೇಕು. ನಡುಮಧ್ಯಾಹ್ನ ಯಾರ ತಲಿ ಮ್ಯಾಲೂ ಕಪಾಟು ಹೊರಸಬ್ಯಾಡ್ರಿ.

ಮೂರನೇದು ಕಲಬುರ್ಗಿಯಿಂದ ಬೆಳಗಾವಿಗೆ. ಡಿಸೆಂಬರ್ ನಡುವ ಆರ್ಡರ್ ಬಂತು, ಎದುರಿಗೆ ಧನುರ್ಮಾಸ. "ಸಂಕ್ರಮಣ ಆಗೂತನಕಾ ತಡೀರಿ" ಅಂದ್ರು ಮಂದಿ. ಈ ಸರ್ತೆ ನಾ ಬಾಯಿ ಬಿಟ್ಟೆ. ಧನುರ್ಮಾಸ ಹತ್ತೋಕಿಂತ ಮುಂಚೆ ಒಳ್ಳೇ ದಿನಾ ನೋಡಿ ನಾವು ಮೂರೇ ಮಂದಿ ಬೆಳಗಾವಿಗೆ ಹೋದ್ವಿ. ದೇವರ ಫೋಟೋ, ದೀಪ, ಉಪ್ಪು, ಬ್ಯಾಳಿ, ಒಂದು ಪಾತೇಲಿ, ಒಂದು ಸಣ್ಣ ಒಲಿ. ಹಾಲು ಉಕ್ಕಿಸಿ, ನೈವೇದ್ಯ ಮಾಡಿ, ಊಟಾ ಮಾಡಿ ವಾಪಸ್ ಬಂದ್ವಿ. ಸಾಮಾನು ಹತ್ತು ದಿನದ ಮ್ಯಾಲೆ ಸಾವಕಾಶ ಕಟ್ಟಿ ಕಳಿಸಿದ್ವಿ. ಯಾರೋ ಮೂಗು ಮುರದಾಗ ಉತ್ತರಾ ಕೊಟ್ಟವರು ನಮ್ಮ ಅತ್ತಿಯವ್ರು: "ದೇವರು ಹೋಗಿ ಕೂತಾನ, ಇನ್ನ ಡಬ್ಬಿ ಯಾವತ್ತು ಬಂದ್ರ ಏನು?" ಅಂದ್ರು. ಆ ತಿಂಗಳದಾಗ ಮನಿ ಬದಲಿ ಮಾಡೋವ್ರು ಕಡಿಮಿ, ಗಾಡಿ ಖಾಲಿ ನಿಂತಿರ್ತಾವ, ಹೇಳಿದ ಹೊತ್ತಿಗೆ ಬಂತು. ಒಣಾ ಹವಾ, ತೆರದ ಗಾಡಿನ ಸಾಕಾತು, ಇಬ್ಬನಿಗೆ ಒಂದು ತಾಡಪತ್ರಿ. ಒಂದು ಗ್ಲಾಸು ಒಡೀಲಿಲ್ಲ.

ಈಗ ನೀವು ಅನ್ನೋದು ನನಗ ಕೇಳಸ್ತದ. "ಎರಡು ಮನಿ ಬಾಡಿಗಿ ಯಾರು ಕೊಡ್ಬೇಕವಾ?" ಹತ್ತು ದಿನದ ಬಾಡಿಗಿ ಒಂದು ಕಡೆ ಬರೀರಿ, ನೆಂದ ಗಾದಿ, ಕೆಟ್ಟ ಮಿಕ್ಸರು, ಉಬ್ಬಿದ ಕಟ್ಟಿಗಿ ಒಂದು ಕಡೆ ಬರೀರಿ. "ಸಾಲಿ ಸುರು ಆಗ್ತದ, ಆರ್ಡರ್ ಕಾಯೂದಿಲ್ಲ" ಅಂತೀರಿ. ಖರೇ ಅದ. ಎಲ್ಲಾರ ಕೈಯಾಗ ತಿಂಗಳು ಇರೂದಿಲ್ಲ. ಆದ್ರ ಹಿಂದಮುಂದ ಮೂರು ದಿನಾ ಎಲ್ಲಾರ ಕೈಯಾಗೂ ಇರ್ತಾವ. ಹವಾಮಾನ ಇಲಾಖೆಯವ್ರು ಜಿಲ್ಲಾವಾರು ಮುನ್ಸೂಚನೆ ಕೊಡ್ತಾರ. ಹಳದಿ ಇದ್ರ ಹುಷಾರಿ, ಕಿತ್ತಳಿ ಅಥವಾ ಕೆಂಪು ಇದ್ರ ಗಾಡಿ ಮನಿ ಬಿಡಬಾರದು. 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಿನಾಗ ಗುಡ್ಡಾ ಕುಸದು ಹೆದ್ದಾರಿ ಮ್ಯಾಲೆ ಬಿದ್ದದ್ದು, ಮಂದಿ, ಲಾರಿ ಹೋದದ್ದು ನಾವೆಲ್ಲಾ ಟೀವ್ಯಾಗ ನೋಡೇವಿ. ಡ್ರೈವರಗೂ ಮನ್ಯಾಗ ಕಾಯೋವ್ರು ಇರ್ತಾರ. "ಮಳಿ ಜೋರಿದ್ರ ದಿನಾ ಮುಂದ ಹಾಕ್ತೇವಿ, ಅಡ್ವಾನ್ಸ್ ಮುಳಗಬಾರದು" ಅಂತ ಗಾಡಿಯವಗ ಮೊದಲೇ ಹೇಳಿ ಚೀಟ್ಯಾಗ ಬರಸಕೋರಿ.

ಇನ್ನ ಗಾಡಿ ಅಳತಿ. ಗಂಡಸರು "ಸಣ್ಣ ಗಾಡಿ ಸಾಕ, ಎರಡು ಟ್ರಿಪ್ ಹೊಡದ್ರಾತು" ಅಂತಾರ. ಓಣಿಯಿಂದ ಓಣಿಗೆ ಆದ್ರ ಹೂಂ ಅನ್ರಿ, ಊರಿಂದ ಊರಿಗೆ ಎರಡು ಟ್ರಿಪ್ ಅಂದ್ರ ಎರಡು ಬಾಡಿಗಿ. ನೀವು ಒಂದು ಕೆಲಸಾ ಮಾಡ್ರಿ. ಪಡಸಾಲಿ ಖಾಲಿ ಮಾಡಿ ರಂಗೋಲಿ ಪುಡಿಲೆ ಗಾಡಿ ಬರೀರಿ. ಮಂದಿ ಚೋಟಾ ಹಾಥಿ ಅನ್ನೋ ಟಾಟಾ ಏಸ್ ಅಂದ್ರ ಸುಮಾರು 7 ಫೂಟು ಉದ್ದ, 5 ಫೂಟು ಅಗಲ, ಮುಕ್ಕಾಲು ಟನ್ ಆಸುಪಾಸು ವಜ್ಜಿ. 407 ಅಂದ್ರ ಸುಮಾರು 10 ಫೂಟು ಉದ್ದ. ಅದಕ್ಕೂ ದೊಡ್ಡದು 14 ಫೂಟಿಂದು. ಈಗ ಟೇಪ್ ಹಿಡದು ಕಪಾಟು, ಫ್ರಿಜ್ಜು, ವಾಷಿಂಗ್ ಮಷೀನು, ಬಿಚ್ಚಿ ನಿಲ್ಲಿಸಿದ ಮಂಚ, ಗಾದಿ, ಹತ್ತು ಪೆಟಿಗಿ ಆ ಚೌಕದಾಗ ಅಳದು ಗೆರಿ ಎಳೀರಿ. ಗೆರಿ ಹೊರಗ ಉಳದದ್ದು ಗಾಡ್ಯಾಗೂ ಉಳೀತದ, ಇಲ್ಲಾ ಒಂದರ ಮ್ಯಾಲೆ ಒಂದು ಏರತದ, ಎಲ್ಲಾದರ ಕೆಳಗ ನಿಮ್ಮ ಭರಣಿ ಇರ್ತದ. ಒಂದು ಬೆಡ್‌ರೂಮಿನ ಸಂಸಾರಕ್ಕ 407 ಅಳತಿದು, ಎರಡು ಬೆಡ್‌ರೂಮಿಂದು ತುಂಬಿದ ಮನಿ ಆದ್ರ 14 ಫೂಟಿಂದು ಅಂತ ಹಿಡೀರಿ.

ಮಳಿಗಾಲಕ್ಕ ಬಂದ್ ಬಾಡಿನೇ ಬೇಕು. ಸಿಗಲೇ ಇಲ್ಲ ಅಂದ್ರ ತಾಡಪತ್ರಿ ಹಿಂದಿನ ದಿನಾ ತರಿಸಿ ಬಿಸಲಿಗೆ ಹಿಡದು ಒಳಗಿಂದ ನೋಡ್ರಿ, ಚಿಕ್ಕಿ ಕಂಡಂಗ ತೂತು ಕಂಡ್ರ ವಾಪಸ್ ಕಳಸ್ರಿ. ಮುಂದಿನ ಬದಿ ಎರಡು ಪದರ ಇರಬೇಕು, ಗಾಳಿ ಅಲ್ಲಿಂದನ ಎಬ್ಬಸ್ತದ. ತಳಕ್ಕ ಹಲಗಿ ಹಾಕಸ್ರಿ, ನೀರು ಮ್ಯಾಲಿಂದಷ್ಟ ಬರೂದಿಲ್ಲ. ಬಂದ್ ಬಾಡಿ ಇದ್ರೂ ಒಮ್ಮೆ ಒಳಗ ನಿಂತು ಬಾಗಲಾ ಹಾಕಿಸಿ ಬೆಳಕು ಎಲ್ಲಿ ಬರ್ತದ ನೋಡ್ರಿ, ಬೆಳಕು ಬಂದಲ್ಲೆ ನೀರೂ ಬರ್ತದ. ಫ್ರಿಜ್ಜು ಹಿಂದಿನ ದಿನಾ ಬಂದ್ ಮಾಡಿ ಒರಸಿ, ನಿಂತಂಗನ ಒಯ್ಯಬೇಕು. ಮಲಗಿಸಿ ತಂದಿದ್ರ ಕೆಲವು ತಾಸು ನಿಲ್ಲಿಸಿ ಆಮ್ಯಾಲೆ ಹಚ್ಚರಿ. ಊರು ಬಿಟ್ಟು ಹೋಗೋವ್ರು ಸಿಲಿಂಡರ್ ಗಾಡ್ಯಾಗ ಹಾಕಬ್ಯಾಡ್ರಿ, ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಚೀಟಿ ತೊಗೊಂಡು ಹೊಸಾ ಊರಾಗ ತೋರಸ್ರಿ.

ಮತ್ತ ಒಂದು ಗಂಟು ಬ್ಯಾರೆ ಕಟ್ರಿ. ಅದರಾಗ ಅಂಗಡ್ಯಾಗ ಸಿಗಲಾರದ್ದು ಅಷ್ಟ ಇರ್ಲಿ. ಕೌದಿ, ಕಸೂತಿ ಸೀರಿ, ಅಜ್ಜಿ ಬಟ್ಟಲಾ, ಅವ್ವ ಬರದ ಹಾಡಿನ ವಹಿ. ಅದನ್ನ ಯಾರ ಗಾಡಿಗೂ ಏರಸಬ್ಯಾಡ್ರಿ, ತೊಡಿ ಮ್ಯಾಲೆ ಇಟಗೊಂಡು ಬಸ್ಸಿನಾಗ ಹೋಗ್ರಿ. "ಇದೇನ ಹಳೇ ಅರಿವಿ" ಅಂತ ಯಾರರೇ ಅಂದ್ರ, ಹೂಂ, ಹಳೇ ಅರಿವಿನೇ, ನಿಮ್ಮ ಫ್ರಿಜ್ಜಿಗೆ ಸುತ್ತಲಿಕ್ಕೆ ಹೊಸಾ ಗೋಣಿಚೀಲ ತರಿಸರಿ ಅಂತ ಹೇಳ್ರಿ.

ವೈನಿ, ಇದನ್ನ ನೀವು ಓದ್ತೀರಿ ಅಂತ ನನಗ ಗೊತ್ತದ. ಆಷಾಢಕ್ಕ ಇನ್ನೂ ದಿನಾ ಅವ. ಹುಬ್ಬಳ್ಳ್ಯಾಗ ಹಾಲು ಉಕ್ಕಿಸಿ ಬರ್ರಿ, ಸಾಮಾನು ಮಳಿ ಬಿಡು ಕೊಟ್ಟ ದಿನಾ ಹೋಗ್ಲಿ. ಆ ಗಾಡಿಯವನ ನಂಬರ್ ಅಣ್ಣಾವ್ರ ಕಡೆಯಿಂದ ನೀವು ಇಸಗೋರಿ, ನೀವೇ ಮಾತಾಡ್ರಿ. ನಾಳೆ ಸಂಜಿಕ್ಕ ಟೇಪು, ರಂಗೋಲಿ ಡಬ್ಬಿ ತೊಗೊಂಡು ನಿಮ್ಮ ಮನಿಗೆ ಬರ್ತೇನಿ, ಪಡಸಾಲಿ ಖಾಲಿ ಮಾಡಿ ಇಡ್ರಿ.