ಮರದ ಚೌಕಟ್ಟಿನ ಮನೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ ಎಂಬ ಪಾನಗೃಹವು ಕೇವಲ ಮದ್ಯದಂಗಡಿಯಲ್ಲ. ಊರಿನ ಸುದ್ದಿ, ಹಾಡು, ವಾಗ್ವಾದಗಳೆಲ್ಲ ಒಂದೆಡೆ ಸೇರುವ ಜಗಲಿ ಅದು. ಅಂತಹ ಪಬ್‌ಗಳು ಈಗ ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ. ನಷ್ಟದ ವ್ಯಾಪಾರವನ್ನು ನಡೆಸೆಂದು ಯಾರನ್ನೂ ಬಲವಂತಪಡಿಸಲಾಗದು, ನಿಜ. ಆದರೆ ವ್ಯಾಪಾರ ನಿಂತಿತೆಂದು ಕಟ್ಟಡವನ್ನೂ ಕೈಬಿಡಬೇಕೆ? ಕೂಡದೆಂಬುದು ನನ್ನ ಅಭಿಪ್ರಾಯ.

ವೂಸ್ಟರ್‌ಷೈರಿನ ಬ್ರೆಟ್‌ಫರ್ಟನ್ ಗ್ರಾಮದ ‘ಫ್ಲೀಸ್ ಇನ್’ ಎಂಬ ಪಬ್ಬನ್ನೇ ನೋಡಿ. ಸುಮಾರು 1400ರಲ್ಲಿ ರೈತನೊಬ್ಬನು ತನ್ನ ಸಂಸಾರಕ್ಕೂ ದನಕರುಗಳಿಗೂ ಒಂದೇ ಸೂರಿನಡಿ ಕಟ್ಟಿಕೊಂಡ ಮನೆ ಅದು. ಪಬ್ ಆದದ್ದು 1848ರಲ್ಲಿ. 1977ರಲ್ಲಿ ಆ ವಂಶದ ಲೋಲಾ ಟ್ಯಾಪ್ಲಿನ್ ಅದನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದರು. ಚಿಮಣಿಯ ಮೂಲಕ ಮಾಟಗಾತಿ ಇಳಿದು ಬಾರದಿರಲೆಂದು ಅಗ್ಗಿಷ್ಟಿಕೆಯ ಮುಂದೆ ಬರೆದ ವೃತ್ತಗಳು ಅಲ್ಲಿ ಇಂದಿಗೂ ಇವೆ!

ಇಂತಹ ಮನೆಗಳಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಬಡಗಿಗಳು ಹಸಿಯ ಮರವನ್ನೇ ಕೆತ್ತುತ್ತಿದ್ದರು. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಮಾಡಿ, ಇನ್ನೊಂದರಲ್ಲಿ ತೋಡಿದ ಕಂಡಿಯೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟವನ್ನು ಬಡಿಯುತ್ತಿದ್ದರು; ಕಬ್ಬಿಣದ ಮೊಳೆಯ ಹಂಗಿರಲಿಲ್ಲ. ಯಾವುದಕ್ಕೆ ಯಾವುದು ಕೂಡಬೇಕೆಂದು ತಿಳಿಯಲು ಮರದ ಮೇಲೆ ರೋಮನ್ ಅಂಕಿಗಳಂತಹ ಗುರುತುಗಳನ್ನು ಕೊರೆಯುತ್ತಿದ್ದರು. ಕಂಬಗಳ ನಡುವಿನ ತೆರಪಿಗೆ ಕಡ್ಡಿಗಳ ತಡಿಕೆ, ಅದರ ಮೇಲೆ ಹುಲ್ಲು ಸಗಣಿ ಬೆರೆಸಿದ ಮಣ್ಣು, ಕೊನೆಗೆ ಸುಣ್ಣ. ಹಸಿಯ ಮರ ಒಣಗುತ್ತ ಬಾಗುವುದರಿಂದ ಈ ಮನೆಗಳು ಓರೆಕೋರೆಯಾಗುತ್ತವೆ. ಅವುಗಳ ಚೆಲುವಿಗೆ ಅದೂ ಒಂದು ಕಾರಣ. ಬುಡ ಕೊಳೆತರೆ ಆ ಭಾಗವನ್ನಷ್ಟೇ ತೆಗೆದು ಹೊಸ ಮರವನ್ನು ಬೆಸೆಯಬಹುದು. ಮಣ್ಣಿನ ಬದಲು ಸಿಮೆಂಟು ಮೆತ್ತಿದರೆ ಮಾತ್ರ ತೇವ ಒಳಗೇ ಸಿಲುಕಿ ಮರವನ್ನು ತಿನ್ನುತ್ತದೆ. ಮುಪ್ಪಿಗಿಂತ ಇಂತಹ ಅವಿವೇಕದ ದುರಸ್ತಿಯೇ ಅವುಗಳಿಗೆ ಹೆಚ್ಚು ಅಪಾಯಕಾರಿ. 2004ರಲ್ಲಿ ಫ್ಲೀಸ್ ಇನ್ನಿನ ಹುಲ್ಲಿನ ಚಾವಣಿ ಬೆಂಕಿಗೆ ತುತ್ತಾಯಿತು. ಬಲ್ಲವರು ದುರಸ್ತಿ ಮಾಡಿದ್ದರಿಂದ ಮರುವರ್ಷವೇ ಅದರ ಬಾಗಿಲು ತೆರೆಯಿತು.

ಹೊಲದ ಮನೆ ಪಬ್ ಆದಂತೆ, ಮುಚ್ಚಿದ ಪಬ್ ಮತ್ತೆ ವಾಸದ ಮನೆಯಾಗಲಿ, ಅದರಿಂದ ಹಾನಿಯಿಲ್ಲ. ಆದರೆ ತೊಲೆಯೊಂದನ್ನು ಕತ್ತರಿಸುವ ಮೊದಲು ಒಡೆಯನು ಅನುಮತಿ ಪಡೆಯಬೇಕು. ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದವುಗಳಿಗೆ ಇಂಗ್ಲೆಂಡಿನಲ್ಲಿ ಈ ನಿಯಮವಿದೆ. ಆ ಪಟ್ಟಿ ಇನ್ನೂ ಉದಾರವಾಗಬೇಕು. ಹಿಮ್ಲಿಯ ‘ಕ್ರೂಕೆಡ್ ಹೌಸ್’ ಇಟ್ಟಿಗೆಯ ಹಳೆಯ ಪಬ್, ಪಟ್ಟಿಗೆ ಸೇರಿರಲಿಲ್ಲ. ಮಾರಾಟವಾದ ಬಳಿಕ 2023ರ ಆಗಸ್ಟಿನಲ್ಲಿ ಅದಕ್ಕೆ ಬೆಂಕಿ ಬಿತ್ತು. ಎರಡೇ ದಿನಗಳಲ್ಲಿ ಅದನ್ನು ನೆಲಸಮ ಮಾಡಲಾಯಿತು. ಮತ್ತೆ ಕಟ್ಟಿಕೊಡಬೇಕೆಂದು ಸ್ಥಳೀಯ ಆಡಳಿತವು ಆಜ್ಞೆ ಹೊರಡಿಸಿದ್ದು 2024ರಲ್ಲಿ.