ಕಿತ್ತಳೆಯಲ್ಲ, ಸ್ತನ

2024ರ ಅಕ್ಟೋಬರ್‌ನಲ್ಲಿ ದೆಹಲಿ ಮೆಟ್ರೋದಲ್ಲಿ ಒಂದು ಜಾಹೀರಾತು ಕಾಣಿಸಿಕೊಂಡಿತು. ಬಸ್ಸಿನಲ್ಲಿ ಹೆಂಗಸರು, ಜೊತೆಗೆ ಕಿತ್ತಳೆ ಹಣ್ಣು. ತಿಂಗಳಿಗೊಮ್ಮೆ ನಿಮ್ಮ ಕಿತ್ತಳೆಗಳನ್ನು ಪರೀಕ್ಷಿಸಿಕೊಳ್ಳಿ ಎಂಬುದು ಇಂಗ್ಲಿಷಿನಲ್ಲಿದ್ದ ಸಂದೇಶ. ಹಾಕಿಸಿದ್ದು ಕ್ರಿಕೆಟಿಗ ಯುವರಾಜ್ ಸಿಂಗ್ ಅವರ ಯೂವೀಕ್ಯಾನ್ ಪ್ರತಿಷ್ಠಾನ. ಹೇಳಬೇಕಿದ್ದದ್ದು ಸ್ತನ ಕ್ಯಾನ್ಸರ್ ಬಗ್ಗೆ. ಟೀಕೆ ಜೋರಾದಾಗ ಮೆಟ್ರೋ ನಿಗಮ ಅದನ್ನು ತೆಗೆಸಿತು. ಈ ಕಾಯಿಲೆಯ ಬಗ್ಗೆ ಜನರನ್ನು ಮಾತಾಡಿಸುವುದೇ ಕಷ್ಟ ಎಂದು ಪ್ರತಿಷ್ಠಾನ ಸಮರ್ಥಿಸಿಕೊಂಡಿತು.

ಕಷ್ಟ ಎನ್ನುವುದು ನಿಜ. ಆದರೆ ಕಷ್ಟವೆಂದು ಆ ಪದವನ್ನೇ ಬಿಟ್ಟರೆ ಕಲಿಸುವುದು ಏನನ್ನು? ತಮಾಷೆಯೆಂದರೆ, ಈ ಕಾಯಿಲೆಯಲ್ಲಿ ಕಿತ್ತಳೆಗೆ ನಿಜವಾಗಿಯೂ ಒಂದು ಜಾಗವಿದೆ. ಸ್ತನದ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿಕುಳಿಯಾಗುವುದು ಒಂದು ಲಕ್ಷಣ. ಜಾಹೀರಾತು ಅದನ್ನು ಹೇಳಲಿಲ್ಲ. ನೋವಿಲ್ಲದ ಗಂಟು, ಒಳಕ್ಕೆ ಸೇರಿಕೊಂಡ ತೊಟ್ಟು, ತೊಟ್ಟಿನಿಂದ ಒಸರುವ ರಕ್ತ, ಕಂಕುಳಿನ ಗಡ್ಡೆ, ಇವನ್ನೂ ಹೇಳಲಿಲ್ಲ. ‘ನೋವೇನೂ ಇಲ್ಲವಲ್ಲ’ ಎಂದು ಸುಮ್ಮನಿರುವವರಿಗೆ ಮೊದಲು ತಿಳಿಯಬೇಕಾದದ್ದು ಇಷ್ಟೇ.

ಕನ್ನಡಿಗರಿಗೂ ಈ ಸಂಕೋಚ ಹೊಸದಲ್ಲ. ಗೋಡೆಯ ಮೇಲೆ ‘ಸ್ತನ’, ಮನೆಯೊಳಗೆ ‘ಎದೆ’. ವಚನಕಾರರು ಅಳುಕಿಲ್ಲದೆ ಬಳಸಿದ ‘ಮೊಲೆ’ ಈಗ ಬೈಗುಳದ ಪಕ್ಕ ಹೋಗಿ ಕೂತಿದೆ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಇರುವ ಕನ್ನಡದ ಹೆಂಗಸು ‘ಎದೆಯಲ್ಲಿ ಏನೋ ಆಗಿದೆ’ ಎಂದರೆ ಮನೆಯವರಿಗೆ ಹೃದಯ ನೆನಪಾಗುತ್ತದೆ. ಅದನ್ನೇ ಹಿಂದಿಯಲ್ಲಿ ಡಾಕ್ಟರಿಗೆ ಹೇಳುವಾಗ ಮಾತು ಇನ್ನಷ್ಟು ಮಸುಕಾಗುತ್ತದೆ.

ಜಾಹೀರಾತಿನ ಸಲಹೆಯೂ ಅರ್ಧ ಮಾತ್ರ. ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನು ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಮುಂಬೈನ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಬೇರೆ ದಾರಿ ಹಿಡಿಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು, ಲಕ್ಷಣಗಳನ್ನು ವಿವರಿಸಿದರು. ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸಾವಿನ ಇಳಿಕೆ ಖಚಿತವೆನ್ನುವಷ್ಟಿರಲಿಲ್ಲ. ಆದರೆ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಬಳಸಿದ್ದು ಮ್ಯಾಮೊಗ್ರಾಮ್ ಯಂತ್ರವನ್ನಲ್ಲ, ಪಳಗಿದ ಕೈಗಳನ್ನು.

ಸರ್ಕಾರದ ಕಾರ್ಯಕ್ರಮದಲ್ಲೂ ಇದಕ್ಕೆ ಅವಕಾಶವಿದೆ. 30 ದಾಟಿದ ಮಹಿಳೆಯರಿಗೆ ಈ ತಪಾಸಣೆ ಆಗಬೇಕು. ಸ್ತನದಲ್ಲಿ ಗಂಟಿದೆಯೇ ಎಂಬ ನೇರ ಪ್ರಶ್ನೆ ಆಶಾ ಕಾರ್ಯಕರ್ತೆಯ ನಮೂನೆಯಲ್ಲೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರೊಳಗಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.

ಹಾಗಾಗಿ ಮೆಟ್ರೋ ಬೋಗಿಯಲ್ಲಿ ಬೇಕಾದದ್ದು ಜಾಣತನದ ಸಾಲಲ್ಲ. ಸ್ತನದಲ್ಲಿ ಗಂಟು ಕಂಡರೆ, ನೋವಿಲ್ಲದಿದ್ದರೂ, ಈ ವಾರವೇ ತೋರಿಸಿ ಎಂದು ಹಿಂದಿಯಲ್ಲಿ ಬರೆದು, ಹತ್ತಿರದ ತಪಾಸಣಾ ಕೇಂದ್ರದ ವಿಳಾಸ ಕೊಟ್ಟರೆ ಸಾಕು. ದೆಹಲಿಯ ಕನ್ನಡ ಸಂಘಗಳು ಅದನ್ನೇ ಕನ್ನಡದಲ್ಲಿ ಹಾಕಲಿ. ಕಿತ್ತಳೆಯ ಚಿತ್ರ ಬೇಕೇ ಬೇಕೆಂದರೆ ಸಿಪ್ಪೆಯನ್ನು ಹತ್ತಿರದಿಂದ ತೋರಿಸಲಿ, ಯಾಕೆಂದು ಕೆಳಗೆ ಬರೆಯಲಿ.